ಕೊಡಲಿ ಕೈಯಲ್ಲುಳಿದವನ ಸಾಕ್ಷ್ಯ: ‘ವ್ಯಾನ್ ಡೀಮನ್ಸ್ ಲ್ಯಾಂಡ್’ ಚಿತ್ರ ಮತ್ತು ಪಿಯರ್ಸನ ಹೇಳಿಕೆಗಳು

1822ರ ಸೆಪ್ಟೆಂಬರ್ 20ರಂದು, ಆಗ ವ್ಯಾನ್ ಡೀಮನ್ಸ್ ಲ್ಯಾಂಡ್ ಎಂದು ಕರೆಯುತ್ತಿದ್ದ ಇಂದಿನ ಟ್ಯಾಸ್ಮೇನಿಯಾ ದ್ವೀಪದ ಪಶ್ಚಿಮ ಕರಾವಳಿಯಿಂದ ಎಂಟು ಮಂದಿ ಕೈದಿಗಳು ತಪ್ಪಿಸಿಕೊಂಡರು. ದ್ವೀಪದ ಇನ್ನೊಂದು ಬದಿಯಲ್ಲಿ, ವಲಸಿಗರು ಕುರಿ ಸಾಕಿಕೊಂಡು ನೆಲೆಸಿದ್ದ ಸೀಮೆಯಲ್ಲಿ, 1823ರ ಜನವರಿ 11ರಂದು ಅವರಲ್ಲೊಬ್ಬ ಸಿಕ್ಕಿಬಿದ್ದ. ಹೆಸರು ಅಲೆಕ್ಸಾಂಡರ್ ಪಿಯರ್ಸ್. ಊರು ಐರ್ಲೆಂಡಿನ ಮೊನಹನ್ ಸೀಮೆ. ಆರು ಜೊತೆ ಬೂಟು ಕದ್ದ ಅಪರಾಧಕ್ಕೆ 1819ರಲ್ಲಿ ಅರ್ಮಾ ಪಟ್ಟಣದ ನ್ಯಾಯಾಲಯ ಅವನಿಗೆ ಏಳು ವರ್ಷಗಳ ಕರಿನೀರಿನ ಶಿಕ್ಷೆ ವಿಧಿಸಿತ್ತು. ಉಳಿದ ಏಳು ಮಂದಿ ಏನಾದರು ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರವೇ ಜೋನಥನ್ ಆಫ್ ಡರ್ ಹೈಡೆ 2009ರಲ್ಲಿ ನಿರ್ದೇಶಿಸಿದ ‘ವ್ಯಾನ್ ಡೀಮನ್ಸ್ ಲ್ಯಾಂಡ್’ ಚಿತ್ರದ ಕಥೆ. ಪಿಯರ್ಸನ ಪಾತ್ರ ಮಾಡಿದ ಆಸ್ಕರ್ ರೆಡಿಂಗ್ ಚಿತ್ರಕಥೆಯಲ್ಲೂ ನಿರ್ದೇಶಕರ ಜೊತೆಗಾರ.

ಈ ಚಿತ್ರವನ್ನು ನಿಜಕಥೆಯೆಂದು ಒಪ್ಪಿಕೊಂಡು ನೋಡುವವರೇ ಹೆಚ್ಚು. ಆದರೆ ಆ ನಿಜ ನಿಂತಿರುವುದು ಒಬ್ಬನ ಮಾತಿನ ಮೇಲೆ. ಆ ಒಬ್ಬನೂ ಬೇರೆ ಬೇರೆ ಸಂದರ್ಭದಲ್ಲಿ, ಬೇರೆ ಬೇರೆಯವರ ಮುಂದೆ, ಒಂದಕ್ಕೊಂದು ಪೂರಾ ಹೊಂದದ ಹೇಳಿಕೆ ಕೊಟ್ಟಿದ್ದಾನೆ. ಹಾಗಿರುವಾಗ ಚಿತ್ರ ಯಾವುದನ್ನು ಆರಿಸಿಕೊಂಡಿತು, ಕಥೆಯನ್ನು ಎಲ್ಲಿ ನಿಲ್ಲಿಸಿತು, ಆ ಆಯ್ಕೆಯಿಂದ ಹಸಿವಿನ ಬಗ್ಗೆ ಏನು ಹೇಳಿದಂತಾಯಿತು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಮೊದಲು ಸ್ಥಳ. ಮೆಕ್ವಾರಿ ಬಂದರಿನೊಳಗಿನ ಸಾರಾ ದ್ವೀಪದಲ್ಲಿ 1822ರ ಜನವರಿಯಲ್ಲಿ ಶಿಕ್ಷಾಶಿಬಿರ ಆರಂಭವಾಯಿತು, 1833ರಲ್ಲಿ ಮುಚ್ಚಿತು. ವಸಾಹತಿಗೆ ಬಂದ ಮೇಲೆ ಮತ್ತೆ ತಪ್ಪು ಮಾಡಿದವರನ್ನು ಅಲ್ಲಿಗೆ ಅಟ್ಟುತ್ತಿದ್ದರು. ಬಂದರಿನ ಕಿರಿದಾದ ಬಾಯಿಗೆ ‘ನರಕದ ಬಾಗಿಲು’ ಎಂದೇ ಹೆಸರು. ಗಾರ್ಡನ್ ನದಿಯ ದಂಡೆಗಳಲ್ಲಿ ಬೆಳೆಯುವ ಹ್ಯೂಆನ್ ಪೈನ್ ಮರ ನೀರಿನಲ್ಲಿ ಕೊಳೆಯುವುದಿಲ್ಲ, ಹುಳು ಹಿಡಿಯುವುದಿಲ್ಲ. ಹಡಗು ಕಟ್ಟಲು ಅದಕ್ಕಿಂತ ಒಳ್ಳೆಯ ಮರ ಆ ಕಡೆ ಇಲ್ಲ. ಕೈದಿಗಳು ಅದನ್ನು ಕಡಿದು, ತಣ್ಣೀರಿನಲ್ಲಿ ನಿಂತು ದಿಮ್ಮಿಗಳನ್ನು ತೆಪ್ಪ ಕಟ್ಟಿ ಸಾಗಿಸಬೇಕಿತ್ತು. ಕೆಲಸ ಕಡಿಮೆಯಾದರೆ, ಎದುರು ಮಾತಾಡಿದರೆ ಒಂಬತ್ತು ಬಾಲದ ಚಾಟಿ. ಚಾಟಿ ಬೀಸುವ ಕೆಲಸವನ್ನೂ ಕೈದಿಗಳಿಂದಲೇ ಮಾಡಿಸುತ್ತಿದ್ದರು. ಚಿತ್ರವನ್ನು ಅರ್ಥಮಾಡಿಕೊಳ್ಳಲು ಈ ಕೊನೆಯ ಸಂಗತಿ ಮುಖ್ಯ.

ತಪ್ಪಿಸಿಕೊಂಡವರು ರಾಬರ್ಟ್ ಗ್ರೀನ್‌ಹಿಲ್, ಮ್ಯಾಥ್ಯೂ ಟ್ರಾವರ್ಸ್, ಜಾನ್ ಮೇದರ್, ಥಾಮಸ್ ಬಾಡನಮ್, ಅಲೆಕ್ಸಾಂಡರ್ ಡಾಲ್ಟನ್, ವಿಲಿಯಂ ಕೆನರ್ಲಿ, ಎಡ್ವರ್ಡ್ ಬ್ರೌನ್ ಮತ್ತು ಪಿಯರ್ಸ್. ಗ್ರೀನ್‌ಹಿಲ್ ನಾವಿಕ, ನಕ್ಷತ್ರ ನೋಡಿ ದಿಕ್ಕು ಹೇಳಬಲ್ಲವನು. ಟ್ರಾವರ್ಸ್ ಅವನ ಹಳೆಯ ಗೆಳೆಯ. ಒಂದು ಹಡಗನ್ನು ಕದ್ದೊಯ್ಯಲು ಯತ್ನಿಸಿದ್ದಕ್ಕೇ ಅವರಿಬ್ಬರನ್ನೂ ಇಲ್ಲಿಗೆ ಕಳಿಸಿದ್ದು. ದೋಣಿ ಹಿಡಿದು ಹೊರಟವರು ಬೆನ್ನಟ್ಟುವ ಭಯಕ್ಕೆ ಅದನ್ನು ಬಿಟ್ಟು ಕಾಡು ಹೊಕ್ಕರು. ಎಂಟು ಮಂದಿಯ ನಡುವೆ ಇದ್ದದ್ದು ಕೆಲವೇ ದಿನಗಳ ರೊಟ್ಟಿ, ಮಾಂಸ ಮತ್ತು ಒಂದು ಕೊಡಲಿ. ಕೊಡಲಿ ಗ್ರೀನ್‌ಹಿಲ್ಲನ ಕೈಯಲ್ಲಿತ್ತು.

ಮುಂದಿನದು ಪಿಯರ್ಸನ ಬಾಯಿಂದ ಬಂದದ್ದು. ಮೊದಲ ಬಾರಿ ಸಿಕ್ಕಿಬಿದ್ದಾಗ ಹೋಬಾರ್ಟಿನ ಪಾದ್ರಿಯೂ ಮ್ಯಾಜಿಸ್ಟ್ರೇಟರೂ ಆಗಿದ್ದ ರಾಬರ್ಟ್ ನಾಪ್‌ವುಡ್ ಅವನ ಹೇಳಿಕೆ ಪಡೆದರು. ಮತ್ತೆ ಓಡಿಹೋಗಿ ಎರಡನೆಯ ಬಾರಿ ಸಿಕ್ಕಾಗ ಶಿಬಿರದ ದಂಡನಾಯಕ ಜಾನ್ ಕತ್‌ಬರ್ಟ್‌ಸನ್ ಇನ್ನೊಂದು ಹೇಳಿಕೆ ಬರೆಸಿಕೊಂಡರು. ಹೋಬಾರ್ಟಿನ ಜೈಲಿನ ಅಧಿಕಾರಿಯ ಬಳಿ ಮತ್ತೊಂದು. ಗಲ್ಲಿಗೇರುವ ಮುನ್ನ ಕ್ಯಾಥೊಲಿಕ್ ಪಾದ್ರಿ ಫಿಲಿಪ್ ಕಾನಲಿ ಅವರ ಮುಂದೆ ತಪ್ಪೊಪ್ಪಿಗೆ. ಅದರ ಸಾರಾಂಶವನ್ನು ಕಾನಲಿ ಗಲ್ಲುಗಂಬದ ಬಳಿ ನೆರೆದಿದ್ದ ಜನಕ್ಕೆ ಹೇಳಿದರು. ಒಂದೊಂದು ಹೇಳಿಕೆಗೂ ಒಂದೊಂದು ಒತ್ತಡ. ಮ್ಯಾಜಿಸ್ಟ್ರೇಟರ ಮುಂದೆ ಪ್ರಾಣ ಉಳಿಸಿಕೊಳ್ಳಬೇಕಿತ್ತು. ಪಾದ್ರಿಯ ಮುಂದೆ ಆ ಆಸೆ ಇರಲಿಲ್ಲ. ಕೇಳಿದವರು ತಮ್ಮ ಇಂಗ್ಲಿಷಿನಲ್ಲಿ, ತಮ್ಮ ಕ್ರಮದಲ್ಲಿ ಬರೆದುಕೊಂಡರು. ಡ್ಯಾನ್ ಸ್ಪ್ರಾಡ್ 1977ರ ತಮ್ಮ ಪುಸ್ತಕದಲ್ಲಿ ಈ ದಾಖಲೆಗಳನ್ನು ಒಟ್ಟಿಗೆ ತಂದ ಮೇಲೆ ಅವನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು ಸುಲಭವಾಯಿತು.

ಹೇಳಿಕೆಗಳ ನಡುವಿನ ದೊಡ್ಡ ಭಿನ್ನತೆ ಮೊದಲ ಸಾವಿನದು. ಹೊರಟು ಸುಮಾರು ಎರಡು ವಾರವಾಗಿತ್ತು, ತಂದ ಆಹಾರ ಮುಗಿದಿತ್ತು. ಮೈಮೇಲಿದ್ದ ಕಾಂಗರೂ ಚರ್ಮದ ಅಂಗಿಗಳನ್ನೂ ತಿಂದಾಗಿತ್ತು. ಮನುಷ್ಯನ ಮಾಂಸವಾದರೂ ತಿಂದೇನು ಎಂಬ ಮಾತು ಮೊದಲು ತಮಾಷೆಯಾಗಿ ಬಂತು. ಸಮುದ್ರದಲ್ಲಿ ಹೀಗಾದದ್ದನ್ನು ತಾನು ಬಲ್ಲೆ ಎಂದು ಗ್ರೀನ್‌ಹಿಲ್ ಅದನ್ನು ತಮಾಷೆಯಾಗಿ ಉಳಿಯಗೊಡಲಿಲ್ಲ. ಒಂದು ಹೇಳಿಕೆಯ ಪ್ರಕಾರ ಚೀಟಿ ಎತ್ತುವಂತೆ ಅದೃಷ್ಟಕ್ಕೆ ಬಿಟ್ಟರು. ಸರದಿ ಬಾಡನಮ್‌ಗೆ ಬಂತು. ಇನ್ನೊಂದರ ಪ್ರಕಾರ ಮೊದಲು ಸತ್ತವನು ಡಾಲ್ಟನ್. ಕಾರಣ, ಅವನು ಶಿಬಿರದಲ್ಲಿ ಚಾಟಿ ಬೀಸುವ ಕೆಲಸಕ್ಕೆ ತಾನಾಗಿ ಮುಂದೆ ಬಂದವನು.

ಈ ಎರಡು ಕಥೆಗಳನ್ನು ಒಂದೇ ಘಟನೆಯ ಎರಡು ನೆನಪು ಎಂದು ಪಕ್ಕಕ್ಕಿಡುವಂತಿಲ್ಲ. ಚೀಟಿ ಎತ್ತುವುದು ಆ ಕಾಲದ ನಾವಿಕರಲ್ಲಿ ತಿಳಿದಿದ್ದ ಪದ್ಧತಿ. ಎರಡು ವರ್ಷ ಹಿಂದೆ, 1820ರ ನವೆಂಬರಿನಲ್ಲಿ, ಪೆಸಿಫಿಕ್ ಸಾಗರದಲ್ಲಿ ತಿಮಿಂಗಿಲದ ಪೆಟ್ಟಿಗೆ ಮುಳುಗಿದ ‘ಎಸೆಕ್ಸ್’ ಹಡಗಿನವರು ದೋಣಿಗಳಲ್ಲಿ ತಿಂಗಳುಗಟ್ಟಲೆ ಅಲೆದು ಕೊನೆಗೆ ಹೀಗೇ ಮಾಡಿದ್ದರು. ಸರದಿಯ ಕಥೆ ಹೇಳಿದರೆ ಕೊಲೆಗೆ ಒಂದು ಬಗೆಯ ನ್ಯಾಯದ ಆಕಾರ ಬರುತ್ತದೆ: ಎಲ್ಲರೂ ಒಪ್ಪಿದ್ದರು, ಯಾರ ಮೇಲೆ ಬೇಕಾದರೂ ಬೀಳಬಹುದಿತ್ತು. ಚಾಟಿಯವನ ಕಥೆಯಲ್ಲಿ ಆ ಸಮಾನತೆ ಇಲ್ಲ. ಅಲ್ಲಿ ಹಗೆ ಇದೆ, ಆಯ್ಕೆ ಇದೆ. ಬಾಡನಮ್ ಮೊದಲನೆಯವನಾದರೆ ಡಾಲ್ಟನ್ ಹೆದರಿ ಗುಂಪು ಬಿಟ್ಟವರಲ್ಲಿ ಒಬ್ಬ, ದಾರಿಯಲ್ಲಿ ಬಳಲಿ ಸತ್ತವನು. ಹಾಗಾಗಿ ಕೊಡಲಿಗೆ ಬಲಿಯಾದವರ ಲೆಕ್ಕವೇ ಒಂದು ಕಥೆಯಲ್ಲಿ ನಾಲ್ಕು, ಇನ್ನೊಂದರಲ್ಲಿ ಐದು.

ಆಫ್ ಡರ್ ಹೈಡೆ ಡಾಲ್ಟನ್ನನ ಕಥೆಯನ್ನು ಆರಿಸಿಕೊಂಡರು. ಚಿತ್ರದ ಆಯ್ಕೆಗಳಲ್ಲಿ ಇದೇ ಅತ್ಯಂತ ವಿವೇಚನೆಯದು ಎಂಬುದು ನನ್ನ ಅಭಿಪ್ರಾಯ. ಕಾಡಿಗೆ ಬಂದವರು ಶಿಬಿರವನ್ನು ಹಿಂದೆ ಬಿಟ್ಟು ಬಂದಿರಲಿಲ್ಲ. ಯಾರು ಯಾರ ಬೆನ್ನ ಮೇಲೆ ಚಾಟಿ ಬೀಸಿದ್ದರು, ಯಾರು ಯಾರಿಗೆ ಗೆಳೆಯ, ಯಾರು ಐರಿಷ್, ಯಾರು ಇಂಗ್ಲಿಷ್ ಎಂಬ ಹಳೆಯ ಲೆಕ್ಕಗಳೇ ಯಾರು ಮೊದಲು ಸಾಯಬೇಕು ಎಂಬುದನ್ನು ನಿರ್ಧರಿಸಿದವು. ಹಸಿವು ಕೊಲ್ಲಲು ಕಾರಣ ಕೊಟ್ಟಿರಬಹುದು; ಯಾರನ್ನು ಎಂದು ಹೇಳಿದ್ದು ಶಿಬಿರ.

ಕೆನರ್ಲಿ ಮತ್ತು ಬ್ರೌನ್ ರಾತ್ರೋರಾತ್ರಿ ಗುಂಪು ಬಿಟ್ಟು ಬಂದ ದಾರಿಯಲ್ಲೇ ಹಿಂದಿರುಗಿದರು. ಅಕ್ಟೋಬರ್ 12ರಂದು ಬಂದರು ಮುಟ್ಟಿ, ಬಳಲಿಕೆಯಿಂದ ಸ್ವಲ್ಪ ದಿನಕ್ಕೇ ತೀರಿಕೊಂಡರು. ಇಡೀ ಕಥೆಯಲ್ಲಿ ಪಿಯರ್ಸನ ಬಾಯಿಯ ಹೊರಗೆ ಸಿಗುವ ದೊಡ್ಡ ಆಧಾರ ಇವರ ಮರಳಿಕೆ. ಎಂಟರ ಗುಂಪು ಒಡೆದದ್ದು ನಿಜ, ಒಡೆದ ಕಾಲವೂ ಅವನ ಮಾತಿಗೆ ಹೊಂದುತ್ತದೆ. ಅಲ್ಲಿಂದಾಚೆಗಿನ ಹಾದಿಯಲ್ಲಿ ಅವನ ಮಾತನ್ನು ಒರೆಗೆ ಹಚ್ಚಲು ಮತ್ತೊಬ್ಬ ಬದುಕಿದವನಿಲ್ಲ.

ಉಳಿದವರ ನಡುವಿನ ಲೆಕ್ಕಾಚಾರವನ್ನು ಚಿತ್ರ ಬಹಳ ನಿಷ್ಠೆಯಿಂದ ಹಿಡಿದಿದೆ. ಗ್ರೀನ್‌ಹಿಲ್ ಮತ್ತು ಟ್ರಾವರ್ಸ್ ಬಿಡಿಸಲಾಗದ ಜೋಡಿ. ಕೊಡಲಿಯೂ ದಿಕ್ಕಿನ ತಿಳಿವಳಿಕೆಯೂ ಅವರ ಬಳಿ. ಬಾಡನಮ್ ಹೋದ ಮೇಲೆ ಉಳಿದವರು ಈ ಜೋಡಿ, ಮೇದರ್ ಮತ್ತು ಪಿಯರ್ಸ್. ಪಿಯರ್ಸ್ ಮೇದರ್ ಕಡೆ ವಾಲಿದರೆ ಇಬ್ಬರಿಗೆ ಇಬ್ಬರು, ಜೋಡಿಯ ಕಡೆ ವಾಲಿದರೆ ಒಬ್ಬನಿಗೆ ಮೂವರು. ಅವನು ಗ್ರೀನ್‌ಹಿಲ್ಲನ ಕಡೆ ವಾಲಿದ. ಸ್ಕಾಟ್ಲೆಂಡಿನ ಮೇದರ್, ಕಸುಬಿನಲ್ಲಿ ಬೇಕರಿಯವನು, ತನ್ನ ಸರದಿ ಬಂದಾಗ ಪ್ರಾರ್ಥನೆಗೆ ಅರ್ಧ ಗಂಟೆ ಕಾಲಾವಕಾಶ ಕೇಳಿ ಪಡೆದ. ಮುಗಿದ ಮೇಲೆ ಪ್ರಾರ್ಥನೆಯ ಪುಸ್ತಕವನ್ನು ಪಿಯರ್ಸನ ಕೈಗೆ ಕೊಟ್ಟ. ನಾಲ್ವರು ಹಸಿದವರು, ಒಂದು ಬೆಂಕಿ, ಓದುತ್ತಾ ಕೂತ ಒಬ್ಬ, ಕಾಯುತ್ತಾ ಕೂತ ಮೂವರು. ದಾಖಲೆಯಲ್ಲಿ ಇದು ಎರಡು ಸಾಲಿನಲ್ಲಿ ಮುಗಿಯುತ್ತದೆ. ಆ ಅರ್ಧ ಗಂಟೆಯಲ್ಲಿ ಯಾರೂ ಮನಸ್ಸು ಬದಲಿಸಲಿಲ್ಲ ಎಂಬುದು ನನ್ನನ್ನು ಕೊಡಲಿಯ ಏಟಿಗಿಂತ ಹೆಚ್ಚು ಕಾಡಿದೆ.

ಆಮೇಲೆ ಟ್ರಾವರ್ಸನ ಕಾಲಿಗೆ ಹಾವು ಕಚ್ಚಿತು. ಗೆಳೆಯನನ್ನು ಬಿಡಲು ಗ್ರೀನ್‌ಹಿಲ್ ಒಪ್ಪಲಿಲ್ಲ. ಅವನೂ ಪಿಯರ್ಸನೂ ಸೇರಿ ಟ್ರಾವರ್ಸನನ್ನು ದಿನಗಟ್ಟಲೆ ಎತ್ತಿಕೊಂಡು, ಊರುಗೋಲಾಗಿ ನಿಂತು ನಡೆಸಿದರು. ಕಾಲು ಕಪ್ಪಾದಾಗ ಅವನನ್ನೂ ಕೊಂದರು. ಹೊತ್ತು ತಂದದ್ದು ಅಕ್ಕರೆಯಿಂದಲೋ ಮುಂದಿನ ಊಟಕ್ಕೋ ಎಂದು ಕೇಳುವ ವಿಮರ್ಶಕರಿದ್ದಾರೆ. ಹೇಳಿಕೆಗಳನ್ನು ಓದಿದರೆ ಅಕ್ಕರೆ ಸುಳ್ಳೆನಿಸುವುದಿಲ್ಲ. ಅಕ್ಕರೆಯೂ ಇತ್ತು, ಕೊಂದದ್ದೂ ಆಯಿತು. ಚಿತ್ರ ಇವೆರಡನ್ನೂ ಪಕ್ಕಪಕ್ಕದಲ್ಲಿ ಇರಗೊಡುತ್ತದೆ, ವಿವರಣೆ ಕೊಡಲು ಹೋಗುವುದಿಲ್ಲ. ಕೊನೆಗೆ ಉಳಿದವರು ಇಬ್ಬರು. ಇಬ್ಬರೂ ಕಣ್ಣು ಮುಚ್ಚಲು ಹೆದರಿದವರು. ಗ್ರೀನ್‌ಹಿಲ್ ಕೊಡಲಿಯನ್ನು ತಲೆಯಡಿ ಇಟ್ಟುಕೊಂಡು ಮಲಗುತ್ತಿದ್ದ. ಒಂದು ರಾತ್ರಿ ಅವನಿಗೆ ನಿದ್ದೆ ಹತ್ತಿತು.

ಚಿತ್ರದ ಪಿಯರ್ಸ್ ತನ್ನ ಒಳಮಾತನ್ನು ಐರಿಷ್ ಭಾಷೆಯಲ್ಲಿ ಆಡುತ್ತಾನೆ. ಇದಕ್ಕೆ ದಾಖಲೆಯ ಆಧಾರವಿಲ್ಲ; ಉಳಿದಿರುವ ಹೇಳಿಕೆಗಳೆಲ್ಲ ಇಂಗ್ಲಿಷಿನವು. ಆದರೂ ಈ ಕಲ್ಪನೆಯನ್ನು ನಾನು ಒಪ್ಪುತ್ತೇನೆ. ಅಧಿಕಾರಿಯ ಮುಂದೆ ಆಡಿದ್ದಕ್ಕಿಂತ ಬೇರೆಯಾದ, ಯಾರೂ ಬರೆದುಕೊಳ್ಳದ ಮಾತು ಅವನೊಳಗೆ ಇದ್ದಿರಲೇಬೇಕು. ಚಿತ್ರ ಅದಕ್ಕೊಂದು ಜಾಗ ಮಾಡಿದೆ.

ಒಪ್ಪಲಾಗದ ಎರಡು ಸಂಗತಿಗಳಿವೆ. ಮೊದಲನೆಯದು ಕಾಡು. ಎಲರಿ ರಯನ್ ಅವರ ಛಾಯಾಗ್ರಹಣದಲ್ಲಿ ಆ ಕಾಡು ಬಣ್ಣ ಬತ್ತಿ, ಒದ್ದೆಯಾಗಿ, ಮನುಷ್ಯರ ಸುಳಿವಿಲ್ಲದೆ ನಿಂತಿದೆ. ನೋಡುವವರಿಗೆ ಇಲ್ಲಿ ಯಾರೂ ಬದುಕಲಾರರು ಎನಿಸುತ್ತದೆ. ಆದರೆ ಆ ದ್ವೀಪದಲ್ಲಿ ಜನರಿದ್ದರು. ಪಶ್ಚಿಮ ಕರಾವಳಿಯ ಮೂಲನಿವಾಸಿಗಳು ಚಿಪ್ಪುಜೀವಿ, ಸೀಲ್, ವಾಲಬಿಗಳನ್ನು ತಿಂದು, ಹುಲ್ಲುಗಾವಲಿಗೆ ಕಾಲಕಾಲಕ್ಕೆ ಬೆಂಕಿಯಿಟ್ಟು ದಾರಿಗಳನ್ನು ತೆರವಾಗಿಟ್ಟುಕೊಂಡು ಬಾಳುತ್ತಿದ್ದರು. 1830ರಲ್ಲಿ ವಸಾಹತು ಸರ್ಕಾರ ಕಳಿಸಿದ ಜಾರ್ಜ್ ಅಗಸ್ಟಸ್ ರಾಬಿನ್ಸನ್ ಇದೇ ಕರಾವಳಿಯ ಉದ್ದಕ್ಕೂ ನಡೆದು ಮೆಕ್ವಾರಿ ಬಂದರು ತಲುಪಿದ್ದು ಟ್ರುಗನೀನಿ, ವೂರಡಿ ಮೊದಲಾದ ಮೂಲನಿವಾಸಿಗಳ ಜೊತೆಯಲ್ಲಿ, ಅವರ ತಿಳಿವಳಿಕೆಯ ಬಲದಿಂದ. ಒಳನಾಡಿನ ಫ್ರಾಂಕ್ಲಿನ್ ನದಿಯ ಕಣಿವೆಯಲ್ಲಿ ಕುಟಿಕೀನ ಎಂಬ ಗುಹೆಯಿದೆ. 1981ರಲ್ಲಿ ಅಲ್ಲಿ ನಡೆದ ಉತ್ಖನನದಲ್ಲಿ ಸುಮಾರು 20,000 ವರ್ಷಗಳ ಹಿಂದಿನ ಹಿಮಯುಗದ ಜನರ ಕಲ್ಲಿನ ಉಪಕರಣಗಳೂ ರಾಶಿ ರಾಶಿ ಮೂಳೆಗಳೂ ಸಿಕ್ಕವು. ಮೂಳೆಗಳಲ್ಲಿ ಹೆಚ್ಚಿನವು ವಾಲಬಿಯವು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಹಿಮಯುಗದಲ್ಲಿ ಆ ಕಣಿವೆ ಬಯಲಾಗಿತ್ತು. ಹವೆ ಬಿಸಿಯಾದಂತೆ ಮಳೆಕಾಡು ಮುಚ್ಚಿಕೊಂಡಿತು, ಗುಹೆಗಳು ಬರಿದಾದವು. 1822ರ ಒಳನಾಡು ಯಾರಿಗೇ ಆದರೂ ಕಷ್ಟದ ಜಾಗವೇ. ಮೂಲನಿವಾಸಿಗಳು ಕರಾವಳಿಯನ್ನು ನೆಚ್ಚಿಕೊಂಡಿದ್ದೂ ಅದಕ್ಕೇ. ಆದರೆ ಈ ಮಾತು ನನ್ನ ವಾದಕ್ಕೆ ಅಡ್ಡ ಬರುವುದಿಲ್ಲ. ಆಹಾರ ಎಲ್ಲಿದೆ, ಎಲ್ಲಿಲ್ಲ ಎಂದು ಬಲ್ಲ ಜನ ಅಲ್ಲಿದ್ದರು. ಕೈದಿಗಳಿಗೆ ಆ ತಿಳಿವಳಿಕೆ ಇರಲಿಲ್ಲ. ಒಂಟಿಯಾಗಿ ಉಳಿದ ಪಿಯರ್ಸ್ ಕೊನೆಗೆ ಮೂಲನಿವಾಸಿಗಳ ಬೀಡೊಂದರಿಂದ ಆಹಾರ ಕದ್ದೇ ಮುಂದೆ ಸಾಗಿದ ಎಂಬುದು ಅವನ ಕಥೆಯಲ್ಲೇ ಇದೆ. ಒಲೆ ಉರಿಯುತ್ತಿದ್ದ ನೆಲವನ್ನು ಚಿತ್ರ ನಿರ್ಜನವೆಂದು ತೋರಿಸಿದೆ. 1982ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿ, ಮರುವರ್ಷ ನ್ಯಾಯಾಲಯದ ತೀರ್ಪಿನಿಂದ ಅಣೆಕಟ್ಟಿನ ಯೋಜನೆ ತಪ್ಪಿಸಿಕೊಂಡ ಆ ಕಾಡಿನ ಬಗ್ಗೆ ಇಂದಿನ ಆಸ್ಟ್ರೇಲಿಯದವರಿಗೆ ಅಪಾರ ಗೌರವವಿದೆ. ಚಿತ್ರದ ಕ್ಯಾಮೆರಾದಲ್ಲೂ ಆ ಗೌರವ ಕಾಣುತ್ತದೆ. ಆದರೆ ಕಾಡನ್ನು ಗೌರವಿಸುವ ಭರದಲ್ಲಿ ಅಲ್ಲಿದ್ದವರನ್ನು ಅಳಿಸಬಾರದು.

ತಪ್ಪಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ ಎಂಬ ಭಾವವನ್ನೂ ಚಿತ್ರ ಬಿಟ್ಟು ಹೋಗುತ್ತದೆ. ಪಿಯರ್ಸನನ್ನು ಗಲ್ಲಿಗೇರಿಸಿದ ವರ್ಷವೇ ಮ್ಯಾಥ್ಯೂ ಬ್ರೇಡಿ ಎಂಬ ಕೈದಿ ಸಂಗಡಿಗರೊಂದಿಗೆ ದೋಣಿ ಹಿಡಿದು ಇದೇ ಬಂದರಿನಿಂದ ಡರ್ವೆಂಟ್ ನದಿಯವರೆಗೆ ಹೋದ. ಶಿಬಿರ ಮುಚ್ಚಿದ ಮೇಲೆ, 1834ರ ಜನವರಿಯಲ್ಲಿ, ಹತ್ತು ಕೈದಿಗಳು ತಾವೇ ಕಟ್ಟಿದ ‘ಫ್ರೆಡರಿಕ್’ ಹಡಗನ್ನು ವಶಪಡಿಸಿಕೊಂಡು ಚಿಲಿ ದೇಶ ಮುಟ್ಟಿದರು. ಸಮುದ್ರದ ದಾರಿ ತೆರೆದಿತ್ತು. ಗ್ರೀನ್‌ಹಿಲ್ಲನಂಥ ನಾವಿಕ ದೋಣಿ ಬಿಟ್ಟು ನೆಲಕ್ಕಿಳಿದ ಗಳಿಗೆಯಲ್ಲೇ ಎಂಟು ಮಂದಿಯ ಗತಿ ಬಹುಪಾಲು ತೀರ್ಮಾನವಾಯಿತು.

ಎರಡನೆಯ ಸಂಗತಿ ಇನ್ನೂ ಗಂಭೀರ. ಚಿತ್ರ ಮೊದಲ ಪಲಾಯನದ ಕಥೆ ಹೇಳಿ ಮುಗಿಯುತ್ತದೆ. ದಾಖಲೆ ಅಲ್ಲಿ ಮುಗಿಯುವುದಿಲ್ಲ. 1823ರಲ್ಲಿ ಪಿಯರ್ಸ್ ನಡೆದದ್ದನ್ನು ಹೇಳಿದಾಗ ನಾಪ್‌ವುಡ್ ನಂಬಲಿಲ್ಲ. ಸಂಗಡಿಗರು ಇನ್ನೂ ಕಾಡಿನಲ್ಲಿ ಅಡಗಿದ್ದಾರೆ, ಅವರನ್ನು ಕಾಪಾಡಲು ಇವನು ಕಥೆ ಕಟ್ಟುತ್ತಿದ್ದಾನೆ ಎಂದೇ ಅಧಿಕಾರಿಗಳು ಭಾವಿಸಿದರು. ನರಮಾಂಸ ತಿಂದೆನೆಂದು ತಾನೇ ಒಪ್ಪಿಕೊಂಡವನನ್ನು ಗಲ್ಲಿಗೇರಿಸದೆ ಮತ್ತೆ ಮೆಕ್ವಾರಿ ಬಂದರಿಗೇ ಕಳಿಸಿದರು. ಅಲ್ಲಿ ಥಾಮಸ್ ಕಾಕ್ಸ್ ಎಂಬ ಕೈದಿ ತನ್ನನ್ನೂ ಕರೆದೊಯ್ಯುವಂತೆ ಅವನ ಬೆನ್ನು ಬಿದ್ದ. ನವೆಂಬರಿನಲ್ಲಿ ಇಬ್ಬರೂ ಓಡಿದರು. ಕಿಂಗ್ ನದಿಯ ದಂಡೆಯಲ್ಲಿ ಕಾಕ್ಸ್‌ಗೆ ಈಜು ಬಾರದೆಂದು ತಿಳಿದಾಗ ಜಗಳವಾಯಿತು. ಪಿಯರ್ಸ್ ಅವನನ್ನು ಕೊಂದ. ಕೆಲವೇ ದಿನಗಳಲ್ಲಿ ತಾನೇ ಬೆಂಕಿ ಹಚ್ಚಿ, ಹಾದುಹೋಗುತ್ತಿದ್ದ ಹಡಗಿಗೆ ಸನ್ನೆ ಮಾಡಿ ಶರಣಾದ. ಅವನ ಜೇಬಿನಲ್ಲಿ ಕಾಕ್ಸ್‌ನ ದೇಹದ ಮಾಂಸವಿತ್ತು. ಬೇರೆ ಆಹಾರವೂ ಇನ್ನೂ ಉಳಿದಿತ್ತು.

ಬೇರೆ ಆಹಾರ ಉಳಿದಿತ್ತು ಎಂಬ ಈ ಒಂದು ವಿವರ ಇಡೀ ಕಥೆಯ ತೂಕವನ್ನು ಬದಲಿಸುತ್ತದೆ. ಮೊದಲ ಪಲಾಯನವನ್ನು ಮಾತ್ರ ನೋಡಿದವರು ಹಸಿವು ಮನುಷ್ಯನನ್ನು ಎಲ್ಲಿಗೆ ತಳ್ಳಬಲ್ಲದು ಎಂದು ಮರುಗಿ ಎದ್ದು ಹೋಗುತ್ತಾರೆ. ಕಾಕ್ಸ್‌ನ ಸಾವನ್ನು ಬಲ್ಲವರಿಗೆ ಆ ಮರುಕ ಅಷ್ಟು ಸಲೀಸಲ್ಲ. ಮೊದಲ ಬಾರಿ ಅನಿವಾರ್ಯವೆಂದು ಮಾಡಿದ್ದು ಎರಡನೆಯ ಬಾರಿಗೆ ಕೈಗೆ ಒಗ್ಗಿದ್ದೋ, ಆ ಹೊತ್ತಿಗೆ ಅವನ ಮನಸ್ಸು ಒಡೆದಿತ್ತೋ, ದಾಖಲೆ ತೀರ್ಪು ಕೊಡುವುದಿಲ್ಲ. ಆದರೆ ಪ್ರಶ್ನೆಯನ್ನು ಕೇಳಲೇಬೇಕು. ನ್ಯಾಯಾಲಯವೂ ವಿಚಾರಿಸಿದ್ದು ಕಾಕ್ಸ್‌ನ ಕೊಲೆಯನ್ನೇ; ಅವನದೊಂದೇ ಶವ ಸಿಕ್ಕಿತ್ತು. ಆಗಷ್ಟೇ ಸ್ಥಾಪನೆಯಾಗಿದ್ದ ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಾಧೀಶ ಜಾನ್ ಪೆಡ್ಡರ್ ಅವರ ಮುಂದೆ 1824ರ ಜೂನಿನಲ್ಲಿ ವಿಚಾರಣೆ ನಡೆದು, ಜುಲೈ 19ರಂದು ಹೋಬಾರ್ಟಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಡಾಲ್ಟನ್, ಬಾಡನಮ್, ಮೇದರ್, ಟ್ರಾವರ್ಸ್, ಗ್ರೀನ್‌ಹಿಲ್ ಇವರ ಸಾವಿಗೆ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.

ಪಿಯರ್ಸ್ ಕಲೆಗೆ ಹೊಸಬನಲ್ಲ. ಮಾರ್ಕಸ್ ಕ್ಲಾರ್ಕ್ 1870ರ ದಶಕದ ತಮ್ಮ ಪ್ರಸಿದ್ಧ ಕಾದಂಬರಿಯ ಗ್ಯಾಬೆಟ್ ಪಾತ್ರವನ್ನು ಅವನ ಮಾದರಿಯಲ್ಲೇ ಕಡೆದರು. ಅಲ್ಲಿ ಅವನು ರಾಕ್ಷಸ. 2008ರ ‘ಡೈಯಿಂಗ್ ಬ್ರೀಡ್’ ಅವನ ಹೆಸರನ್ನು ಹೆದರಿಸಲು ಬಳಸಿಕೊಂಡ ಭಯಾನಕ ಚಿತ್ರ. ಚರಿತ್ರೆಯ ವಿದ್ಯಾರ್ಥಿಗೆ ಅದರಿಂದ ಪ್ರಯೋಜನವಿಲ್ಲ. ಅದೇ ವರ್ಷ ಮೈಕಲ್ ಜೇಮ್ಸ್ ರೋಲ್ಯಾಂಡ್ ದೂರದರ್ಶನಕ್ಕಾಗಿ ಮಾಡಿದ ‘ದಿ ಲಾಸ್ಟ್ ಕನ್ಫೆಷನ್ ಆಫ್ ಅಲೆಕ್ಸಾಂಡರ್ ಪಿಯರ್ಸ್’ ಬೇರೆ ಜಾತಿಯದು. ಅದು ಕಾನಲಿಯವರನ್ನು ಕೇಳುಗರಾಗಿ ಕೂರಿಸುತ್ತದೆ. ಹಾಗಾಗಿ ಇದು ಒಬ್ಬ ಹೇಳಿದ, ಇನ್ನೊಬ್ಬ ಕೇಳಿದ ಕಥೆ ಎಂಬುದು ನೋಡುಗರ ಕಣ್ಣಮುಂದೆ ಇದ್ದೇ ಇರುತ್ತದೆ. ಕಲೆಯಾಗಿ ಆಫ್ ಡರ್ ಹೈಡೆ ಅವರ ಚಿತ್ರ ಮೇಲು. ಆಕರಗಳ ವಿಷಯದಲ್ಲಿ ರೋಲ್ಯಾಂಡ್ ಅವರದು ಹೆಚ್ಚು ಪ್ರಾಮಾಣಿಕ.

ಗಲ್ಲಾದ ಮೇಲೆ ಥಾಮಸ್ ಬಾಕ್ ಎಂಬ ಕಲಾವಿದ, ಅವನೂ ಕೈದಿಯೇ, ಪಿಯರ್ಸನ ತಲೆಯನ್ನು ಪೆನ್ಸಿಲಿನಲ್ಲಿ ಬರೆದ. ಆ ಚಿತ್ರಗಳು ಇಂದು ಸಿಡ್ನಿಯ ರಾಜ್ಯ ಗ್ರಂಥಾಲಯದಲ್ಲಿವೆ. ಮುಚ್ಚಿದ ಕಣ್ಣು, ಸಡಿಲವಾದ ಬಾಯಿ, ಸಾಧಾರಣ ಮುಖ. ಗ್ಯಾಬೆಟ್ಟನ ರಾಕ್ಷಸತನದ ಸುಳಿವೂ ಇಲ್ಲ. ದೇಹವನ್ನು ವೈದ್ಯರು ಕೊಯ್ದರು. ತಲೆಬುರುಡೆ ಕಲ್ಕತ್ತೆಯ ಮಧ್ಯವರ್ತಿಯೊಬ್ಬರ ಮೂಲಕ ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಮಾರ್ಟನ್ ಅವರ ಸಂಗ್ರಹ ಸೇರಿತು. ಬುರುಡೆಯ ಅಳತೆಯಿಂದ ಜನಾಂಗಗಳ ಯೋಗ್ಯತೆ ನಿರ್ಧರಿಸಬಹುದೆಂದು ನಂಬಿದ್ದವರು ಅವರು. ಅಪರಾಧ ಮೂಳೆಯಲ್ಲೇ ಇದೆ ಎಂದು ಹೇಳುವ ಆ ವಿಜ್ಞಾನಕ್ಕೆ ಆಫ್ ಡರ್ ಹೈಡೆ ಅವರ ಸಿನಿಮಾ ಒಂದು ಗಟ್ಟಿಯಾದ ಉತ್ತರ. ರೆಡಿಂಗ್ ಅವರ ಪಿಯರ್ಸ್ ಮೊದಲರ್ಧದುದ್ದಕ್ಕೂ ಗುಂಪಿನಲ್ಲಿ ಗಮನಕ್ಕೇ ಬಾರದವನು. ಮಾತು ಕಡಿಮೆ, ಕೊಡಲಿ ಹತ್ತಿರವಿಲ್ಲ.

ಚಾರಿತ್ರಿಕ ಸಿನಿಮಾ, ಶಿಕ್ಷೆಯ ಚರಿತ್ರೆ ಇವುಗಳ ತರಗತಿಯಲ್ಲಿ ‘ವ್ಯಾನ್ ಡೀಮನ್ಸ್ ಲ್ಯಾಂಡ್’ ತೋರಿಸಲು ಯೋಗ್ಯವಾದ ಚಿತ್ರ. ಆದರೆ ಅದನ್ನು ಒಂಟಿಯಾಗಿ ತೋರಿಸಬಾರದು. ಮೊದಲ ಸಾವಿನ ಎರಡೂ ಹೇಳಿಕೆಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡಿ. ಕಾಕ್ಸ್‌ನ ಪ್ರಕರಣವನ್ನು ಕಡ್ಡಾಯವಾಗಿ ಓದಿಸಿ. ಪಶ್ಚಿಮ ಕರಾವಳಿಯ ಜನರ ಬಗ್ಗೆ ಒಂದು ಪಾಠವನ್ನಾದರೂ ಸೇರಿಸಿ. ಹಾಗೆ ಮಾಡಿದರೆ ಚಿತ್ರದ ಬಲವೂ ಕೊರತೆಯೂ ಅವರಿಗೆ ತಾವಾಗಿ ಕಾಣುತ್ತವೆ.